ಕ್ಯಾನ್ಸರ್ ಕೋಶ ರಕ್ತನಾಳದ ಒಳಪದರ ದಾಟದ ಹಾಗೆ ಔಷಧ ತಡೆಯಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

"ಗಡ್ಡೆ ತೆಗೆದಾಯ್ತಲ್ಲ ಡಾಕ್ಟ್ರೇ, ಇನ್ನು ಬೇರೆ ಕಡೆ ಹರಡದ ಹಾಗೆ ಏನಾದರೂ ಮಾತ್ರೆ ಇದೆಯಾ?" ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ದಿನಾ ಕೇಳಿಬರುವ ಪ್ರಶ್ನೆ ಇದು. ಮೊದಲೇ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಕ್ಯಾನ್ಸರ್ ಕೋಶ ರಕ್ತನಾಳ ದಾಟುವುದನ್ನು ಮಾತ್ರ ತಡೆಯಲಿಕ್ಕೆ ಅಂತ ಒಪ್ಪಿಗೆ ಪಡೆದ ಔಷಧ ಇವತ್ತು ಯಾವ ಮೆಡಿಕಲ್ ಶಾಪಿನಲ್ಲೂ ಇಲ್ಲ. ಹಾಗಂತ ಕೆಲಸ ನಿಂತಿಲ್ಲ. ಕೆಲವು ಹಳೆಯ, ಅಗ್ಗದ ಔಷಧಗಳೇ ಇಲ್ಲಿ ಆಸೆ ಹುಟ್ಟಿಸಿವೆ. ದುಬಾರಿ ಬೆಲೆಯ ಕೆಲವು ಹೊಸ ಔಷಧಗಳು ಕೈಕೊಟ್ಟಿವೆ. ಎಲ್ಲದರಲ್ಲೂ ಒಂದು ಮಾತು ಎದ್ದು ಕಾಣುತ್ತದೆ: ಯಾವ ಔಷಧ ಅನ್ನುವಷ್ಟೇ, ಯಾವಾಗ ಕೊಟ್ಟರು ಅನ್ನುವುದೂ ಮುಖ್ಯ.

ಕ್ಯಾನ್ಸರ್ ಹರಡುವುದು ಅಂದರೆ ನಿಜಕ್ಕೂ ಏನಾಗುತ್ತದೆ?

ಗಡ್ಡೆಯಿಂದ ಒಂದಷ್ಟು ಕೋಶಗಳು ಕಳಚಿಕೊಳ್ಳುತ್ತವೆ. ಪಕ್ಕದ ರಕ್ತನಾಳದ ಗೋಡೆ ತೂರಿ ಒಳಗೆ ಹೋಗುತ್ತವೆ. ರಕ್ತದ ಜೊತೆ ಸಾಗಿ, ದೂರದ ಯಾವುದೋ ಸಣ್ಣ ನಾಳದಲ್ಲಿ ನಿಲ್ಲುತ್ತವೆ. ಅಲ್ಲಿ ಮತ್ತೆ ಗೋಡೆ ತೂರಿ ಹೊರಗೆ ಬರುತ್ತವೆ. ಆ ಹೊಸ ಜಾಗದಲ್ಲಿ ಬದುಕಿ ಬೆಳೆದರೆ ಅದು ಎರಡನೇ ಗಡ್ಡೆ. ಡಾಕ್ಟರುಗಳು ಇದನ್ನು ಮೆಟಾಸ್ಟಾಸಿಸ್ ಅನ್ನುತ್ತಾರೆ. ಮಾತಿನಲ್ಲಿ ಬರೀ 'ಮೆಟ್ಸ್'.

ಅಂದರೆ ರಕ್ತನಾಳದ ಗೋಡೆಯನ್ನು ಎರಡು ಸಲ ದಾಟಬೇಕು. ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಇನ್ನೊಂದು ಸಲ. ಲಿಂಫ್ ನಾಳಗಳ ಮೂಲಕವೂ ಕೋಶಗಳು ಹೋಗುತ್ತವೆ, ಅದಕ್ಕೇ ಸ್ತನ ಕ್ಯಾನ್ಸರಿನಲ್ಲಿ ಕಂಕುಳಿನ ಗಂಟು ಪರೀಕ್ಷೆ ಮಾಡುತ್ತಾರೆ. ಇಲ್ಲಿ ರಕ್ತದ ದಾರಿಯನ್ನಷ್ಟೇ ನೋಡೋಣ.

ಇನ್ನೊಂದು ಗೊಂದಲ ಬಹಳ ಜನಕ್ಕಿದೆ. ಸ್ತನದ ಕ್ಯಾನ್ಸರ್ ಲಿವರಿಗೆ ಹೋದರೆ ಅದು ಲಿವರ್ ಕ್ಯಾನ್ಸರ್ ಅಲ್ಲ. ಅದು ಲಿವರಿನಲ್ಲಿ ಕೂತ ಸ್ತನ ಕ್ಯಾನ್ಸರ್. ಚಿಕಿತ್ಸೆಯೂ ಅದಕ್ಕೆ ತಕ್ಕ ಹಾಗೇ ಇರುತ್ತದೆ.

ರಕ್ತಕ್ಕೆ ಸೇರಿದ ಕೋಶಗಳೆಲ್ಲ ಗಡ್ಡೆಯಾಗುತ್ತವಾ?

ಇಲ್ಲ. ಈ ಒಂದು ಸಂಗತಿ ಜನಕ್ಕೆ ಇನ್ನೂ ಚೆನ್ನಾಗಿ ಗೊತ್ತಾಗಬೇಕು. ಸತ್ತ ರೋಗಿಯೊಬ್ಬನ ರಕ್ತದಲ್ಲಿ ಗಡ್ಡೆಯ ಕೋಶದಂಥವು ಇರುವುದನ್ನು ಆಸ್ಟ್ರೇಲಿಯಾದ ಥಾಮಸ್ ಆಶ್ವರ್ತ್ 1869ರಲ್ಲೇ ಗುರುತಿಸಿದ್ದ. ಅವುಗಳಲ್ಲಿ ಎಷ್ಟು ಬದುಕುತ್ತವೆ ಅನ್ನುವುದನ್ನು ಅಳೆದದ್ದು ನೂರು ವರ್ಷದ ನಂತರ. 1970ರಲ್ಲಿ ಐಸಯಾ ಫಿಡ್ಲರ್ ಇಲಿಗಳ ರಕ್ತಕ್ಕೆ ವಿಕಿರಣದ ಗುರುತು ಹಾಕಿದ, ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿನ ಕೋಶಗಳನ್ನು ಬಿಟ್ಟರು. ಒಂದು ದಿನ ಕಳೆಯುವಷ್ಟರಲ್ಲಿ ಶೇ 99ಕ್ಕೂ ಜಾಸ್ತಿ ಕೋಶಗಳು ಸತ್ತಿದ್ದವು. ಕೊನೆಗೆ ಶ್ವಾಸಕೋಶದಲ್ಲಿ ಗಡ್ಡೆಯಾದದ್ದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ.

ರಕ್ತದ ಒತ್ತಡ, ಬಿಳಿ ರಕ್ತಕಣಗಳ ದಾಳಿ, ಹಿಡಿದುಕೊಳ್ಳಲು ಏನೂ ಇಲ್ಲದ ಸ್ಥಿತಿ. ಬಹುಪಾಲು ಕೋಶಗಳು ಅಲ್ಲೇ ಮುಗಿದುಹೋಗುತ್ತವೆ. ನಾಳದ ಗೋಡೆ ದಾಟಿ ಹೊರಗೆ ಬಂದದ್ದಕ್ಕೆ ಮಾತ್ರ ಬದುಕುವ ಅವಕಾಶ. ವಿಜ್ಞಾನಿಗಳು ಈ ಹಂತದ ಮೇಲೆ ಕಣ್ಣಿಟ್ಟಿರುವುದು ಅದಕ್ಕೇ.

ಆ ಒಳಪದರ ಹೇಗಿರುತ್ತದೆ?

ತೀರಾ ತೆಳು. ಎಂಡೋಥೀಲಿಯಂ ಅನ್ನುವ ಈ ಪದರದಲ್ಲಿ ಇರುವುದು ಒಂದೇ ಸಾಲು ಕೋಶ. ಹೃದಯದಿಂದ ಹಿಡಿದು ಕಾಲಿನ ಬೆರಳಿನ ತುದಿಯವರೆಗೆ ಎಲ್ಲ ರಕ್ತನಾಳದ ಒಳಮೈಗೂ ಇದೇ ಹೊದಿಕೆ. ಅತಿ ಸಣ್ಣ ನಾಳಗಳಲ್ಲಂತೂ ಗೋಡೆ ಅಂದರೆ ಹೆಚ್ಚುಕಮ್ಮಿ ಈ ಪದರವೇ. ಅಕ್ಕಪಕ್ಕದ ಕೋಶಗಳನ್ನು ವಿಇ-ಕ್ಯಾಡ್ಹೆರಿನ್ ಅನ್ನುವ ಪ್ರೋಟೀನು ಒಂದಕ್ಕೊಂದು ಹಿಡಿದಿಡುತ್ತದೆ. ಪದರದ ಕೆಳಗೆ ಬೇಸ್‌ಮೆಂಟ್ ಮೆಂಬ್ರೇನ್ ಅನ್ನುವ ಗಟ್ಟಿ ಹಾಳೆ ಇರುತ್ತದೆ.

ಎಲ್ಲ ಕಡೆ ಬಿಗಿ ಒಂದೇ ಸಮ ಇರುವುದಿಲ್ಲ. ಮಿದುಳಿನಲ್ಲಿ ತುಂಬಾ ಬಿಗಿ. ಲಿವರ್ ಮತ್ತು ಮೂಳೆಯ ಮಜ್ಜೆಯಲ್ಲಿ ಸಡಿಲ, ಲಿವರಿನ ಸಣ್ಣ ನಾಳಗಳಲ್ಲಿ ರಂಧ್ರಗಳೇ ಇವೆ.

ಹಾಗಾದರೆ ಲಿವರಿಗೆ, ಮೂಳೆಗೆ ಹೆಚ್ಚು ಹರಡುವುದು ಇದಕ್ಕೇನಾ?

ಒಂದು ಕಾರಣ ಅಷ್ಟೇ. ದೊಡ್ಡ ಕರುಳಿನ ರಕ್ತ ನೇರ ಲಿವರಿಗೆ ಹೋಗುತ್ತದೆ, ಹಾಗಾಗಿ ಅದರ ಕ್ಯಾನ್ಸರ್ ಮೊದಲು ಅಲ್ಲಿಗೇ ಹೋಗುವುದು ಜಾಸ್ತಿ. ಆದರೆ ರಕ್ತದ ಹರಿವೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ದಾಖಲೆ ತೆಗೆದು ನೋಡಿದರು. ಲಿವರಿನಲ್ಲಿ ಗಡ್ಡೆ ತುಂಬಾ ಇತ್ತು, ಗುಲ್ಮದಲ್ಲಿ ಬಹಳ ಕಡಿಮೆ. ಗುಲ್ಮಕ್ಕೇನು ರಕ್ತ ಕಡಿಮೆ ಹೋಗುವುದಿಲ್ಲ. ಬೀಜ ಎಲ್ಲ ಕಡೆ ಬೀಳುತ್ತದೆ, ತನಗೆ ಹೊಂದುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದರು ಪ್ಯಾಜೆಟ್. ಈ ಮಾತು ಇವತ್ತಿಗೂ ನಿಂತಿದೆ.

ಕ್ಯಾನ್ಸರ್ ಕೋಶ ಆ ಪದರವನ್ನು ದಾಟುವುದು ಹೇಗೆ?

ನಾಲ್ಕೈದು ಬಗೆಯಲ್ಲಿ. ಒಂದು ಗಡ್ಡೆ ಒಂದೇ ದಾರಿ ಹಿಡಿಯುತ್ತದೆ ಅಂತೇನೂ ಇಲ್ಲ.

ಮೊದಲನೆಯದು ಬಿಳಿ ರಕ್ತಕಣಗಳ ದಾರಿ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಬಿಳಿ ಕಣಗಳು ರಕ್ತನಾಳದಿಂದ ಆಚೆ ಬರುತ್ತವಲ್ಲ, ಅವೂ ಇದೇ ಪದರವನ್ನು ದಾಟಿಯೇ ಬರುವುದು. ಮೊದಲು ಸೆಲೆಕ್ಟಿನ್ ಅನ್ನುವ ಪ್ರೋಟೀನುಗಳಿಗೆ ತಗಲಿ ಉರುಳುತ್ತವೆ. ಆಮೇಲೆ ಇಂಟಿಗ್ರಿನ್ ಅನ್ನುವ ಹಿಡಿಕೆಗಳಿಂದ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಆಮೇಲೆ ಎರಡು ಕೋಶಗಳ ಸಂದಿಯಲ್ಲಿ ತೂರುತ್ತವೆ. ಕ್ಯಾನ್ಸರ್ ಕೋಶ ಇದೇ ಹಿಡಿಕೆಗಳನ್ನು ಬಳಸಿಕೊಳ್ಳುತ್ತದೆ.

ಎರಡನೆಯದು, ನಾಳವನ್ನೇ ಸಡಿಲ ಮಾಡುವುದು. ಗಡ್ಡೆಗಳು ವಿಇಜಿಎಫ್ ಅನ್ನುವ ವಸ್ತುವನ್ನು ಸುರಿಸುತ್ತವೆ. ಅದು ಹೊಸ ರಕ್ತನಾಳ ಬೆಳೆಸುತ್ತದೆ ಅಂತ ಎಲ್ಲರೂ ಓದಿರುತ್ತಾರೆ. ಆದರೆ 1983ರಲ್ಲಿ ಇದು ಮೊದಲು ಗೊತ್ತಾದದ್ದು ನಾಳವನ್ನು ಸೋರುವ ಹಾಗೆ ಮಾಡುವ ವಸ್ತು ಎಂದೇ. ವಿಇ-ಕ್ಯಾಡ್ಹೆರಿನ್ ಹಿಡಿತ ಸಡಿಲಿಸಿ ಸಂದು ಬಿಡಿಸುವುದೇ ಅದರ ಕೆಲಸ.

ಮೂರನೆಯದರಲ್ಲಿ ಪ್ಲೇಟ್‌ಲೆಟ್‌ಗಳ ಕೈವಾಡ ಇದೆ. ರಕ್ತಕ್ಕೆ ಬಂದ ಕ್ಯಾನ್ಸರ್ ಕೋಶದ ಮೈಗೆ ಪ್ಲೇಟ್‌ಲೆಟ್‌ಗಳು ಮುತ್ತಿಕೊಳ್ಳುತ್ತವೆ. ಅವು ಕೋಶವನ್ನು ರೋಗನಿರೋಧಕ ಕಣಗಳಿಂದ ಮರೆಮಾಡುತ್ತವೆ. ಅಷ್ಟೇ ಅಲ್ಲ, ಅವುಗಳಿಂದ ಹೊರಬರುವ ಎಟಿಪಿ ಅನ್ನುವ ವಸ್ತು ಒಳಪದರದ ಮೇಲಿನ ಪಿ2ವೈ2 ಅನ್ನುವ ಗ್ರಾಹಕಕ್ಕೆ (ಹೊರಗಿನ ಸಂದೇಶ ಹಿಡಿಯುವ ಪ್ರೋಟೀನಿಗೆ) ತಗಲಿ ಸಂದು ತೆರೆಯುತ್ತದೆ. ಇದನ್ನು 2013ರಲ್ಲಿ ಇಲಿಗಳಲ್ಲಿ ತೋರಿಸಿದವರು ಜರ್ಮನಿಯ ಬಾಡ್ ನೌಹೈಮ್ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸ್ಟೆಫಾನ್ ಆಫರ್ಮನ್ಸ್ ತಂಡ.

ಅದೇ ತಂಡ 2016ರಲ್ಲಿ ಕಂಡದ್ದು ಇನ್ನೂ ವಿಚಿತ್ರ. ಕ್ಯಾನ್ಸರ್ ಕೋಶ ಕೆಲವು ಸಲ ಸಂದಿ ಹುಡುಕುವ ಗೋಜಿಗೇ ಹೋಗುವುದಿಲ್ಲ. ಎದುರಿಗಿರುವ ಒಳಪದರದ ಕೋಶವನ್ನೇ ಕೊಂದು ದಾರಿ ಮಾಡಿಕೊಳ್ಳುತ್ತದೆ. ಹತ್ತಿರದಿಂದ ನೋಡಿದರೆ ಹೀಗೆ: ಕ್ಯಾನ್ಸರ್ ಕೋಶದ ಮೈಮೇಲೆ ಎಪಿಪಿ ಅನ್ನುವ ಪ್ರೋಟೀನ್ ಇರುತ್ತದೆ. ಆಲ್ಝೈಮರ್ ಕಾಯಿಲೆಯ ವಿಷಯದಲ್ಲಿ ಹೆಸರು ಕೇಳಿಬರುವ ಪ್ರೋಟೀನೇ ಇದು. ಒಳಪದರದ ಕೋಶದ ಮೇಲೆ ಡಿಆರ್6 ಅನ್ನುವ ಗ್ರಾಹಕ ಇರುತ್ತದೆ. ಡಿಆರ್ ಅಂದರೆ ಡೆತ್ ರಿಸೆಪ್ಟರ್, ಹೆಸರಿನಲ್ಲೇ ಸಾವಿದೆ. ಎರಡೂ ತಗಲಿದರೆ ಒಳಪದರದ ಕೋಶದೊಳಗೆ ನೆಕ್ರಾಪ್ಟೋಸಿಸ್ ಶುರುವಾಗುತ್ತದೆ. ಕೋಶ ಊದಿ, ಒಡೆದು ಸಾಯುತ್ತದೆ. ಪದರದಲ್ಲಿ ತೂತು ಬೀಳುತ್ತದೆ. ಕ್ಯಾನ್ಸರ್ ಕೋಶ ಆ ತೂತಿನಲ್ಲಿ ದಾಟುತ್ತದೆ.

ಇನ್ನೊಂದು ದಾರಿಯನ್ನು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಜಾನ್ ಕಾಂಡೀಲಿಸ್ ಮತ್ತು ಜೊತೆಯವರು ಜೀವಂತ ಇಲಿಗಳ ಗಡ್ಡೆಯಲ್ಲೇ ಮೈಕ್ರೋಸ್ಕೋಪ್ ಇಟ್ಟು ನೋಡಿದರು. ಒಂದು ಕ್ಯಾನ್ಸರ್ ಕೋಶ, ಒಂದು ಮ್ಯಾಕ್ರೋಫೇಜ್ (ರೋಗಾಣು ನುಂಗುವ ಕಾವಲಿನ ಕೋಶ), ಒಂದು ಒಳಪದರದ ಕೋಶ. ಮೂರೂ ಒಂದೇ ಕಡೆ ತಾಗಿಕೊಂಡಿದ್ದ ಜಾಗದಲ್ಲಿ ನಾಳ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚುತ್ತಿತ್ತು. ಆ ಹೊತ್ತಿನಲ್ಲೇ ಕೋಶಗಳು ಒಳಗೆ ಜಾರುತ್ತಿದ್ದವು. ಈ ಜಾಗಕ್ಕೆ ಟಿಮೆಮ್ ಅಂತ ಹೆಸರಿಟ್ಟರು. ನಮ್ಮನ್ನು ಕಾಯಬೇಕಾದ ಮ್ಯಾಕ್ರೋಫೇಜೇ ಇಲ್ಲಿ ದಾರಿ ಬಿಡಿಸಿಕೊಡುತ್ತದೆ ಅನ್ನುವುದು ಬೇಸರದ ವಿಷಯ.

ದಾಟುವುದನ್ನು ಔಷಧದಿಂದ ತಡೆಯಲು ಆಗುತ್ತದೆ ಅನ್ನುವುದಕ್ಕೆ ಪುರಾವೆ ಏನು?

ಮನುಷ್ಯರಲ್ಲಿ ಗಟ್ಟಿ ಪುರಾವೆ ಸಿಕ್ಕಿರುವುದು ಬೇರೆಯೇ ಕಾಯಿಲೆಯಲ್ಲಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಬಿಳಿ ರಕ್ತಕಣಗಳು ಮಿದುಳಿಗೆ ನುಗ್ಗಿ ನರಗಳ ಹೊದಿಕೆ ಹಾಳು ಮಾಡುತ್ತವೆ. ನಟಾಲಿಝುಮ್ಯಾಬ್ ಅನ್ನುವ ಔಷಧ ಆ ಕಣಗಳ ಇಂಟಿಗ್ರಿನ್ ಹಿಡಿಕೆಗೆ ಅಡ್ಡ ಕೂರುತ್ತದೆ. ಕಣಗಳು ನಾಳ ದಾಟುವುದು ನಿಲ್ಲುತ್ತದೆ, ಕಾಯಿಲೆ ಹತೋಟಿಗೆ ಬರುತ್ತದೆ. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು.

ಆದರೆ ಮುಂದಿನ ವರ್ಷವೇ ಮಾರಾಟ ನಿಲ್ಲಿಸಬೇಕಾಯಿತು. ಕಾವಲಿನ ಕಣಗಳೂ ಮಿದುಳಿಗೆ ಹೋಗದೆ, ಸುಮ್ಮನೆ ಮಲಗಿದ್ದ ಜೆಸಿ ವೈರಸ್ ಎದ್ದು ಕೆಲವರ ಮಿದುಳಿಗೆ ಮಾರಕ ಸೋಂಕು ತಂದಿತ್ತು. 2006ರಲ್ಲಿ ಕಟ್ಟುನಿಟ್ಟಿನ ನಿಗಾ ಹಾಕಿ ಮತ್ತೆ ಬಿಟ್ಟರು. ಕ್ಯಾನ್ಸರ್ ಕೋಶ ಬಳಸುವ ಹಿಡಿಕೆ ನಮ್ಮ ಕಾವಲಿನ ಕಣಗಳಿಗೂ ಬೇಕು. ಎರಡನ್ನೂ ಒಟ್ಟಿಗೆ ತಡೆದರೆ ಏನಾಗಬಹುದು ಅಂತ ಇಲ್ಲಿ ಕಂಡಿತು.

ಈಗ ಯಾವ ಯಾವ ಔಷಧಗಳನ್ನು ನೋಡುತ್ತಿದ್ದಾರೆ?

ಒಳಪದರದ ಕೋಶ ಸಾಯದ ಹಾಗೆ ನೋಡಿಕೊಳ್ಳುವುದು ಒಂದು ಪ್ರಯತ್ನ. ಬಾಡ್ ನೌಹೈಮ್ ತಂಡ ಇಲಿಗಳಿಗೆ ನೆಕ್ರಾಪ್ಟೋಸಿಸ್ ತಡೆಯುವ ನೆಕ್ರೋಸ್ಟಾಟಿನ್-1 ಕೊಟ್ಟಾಗ ಹರಡುವುದು ಕಡಿಮೆಯಾಯಿತು. ಡಿಆರ್6 ಇಲ್ಲದ ಇಲಿಗಳಲ್ಲೂ ಹಾಗೇ ಆಯಿತು. ಇಲ್ಲಿ ಔಷಧ ಗುರಿ ಇಡುವುದು ಕ್ಯಾನ್ಸರ್ ಕೋಶಕ್ಕಲ್ಲ, ನಮ್ಮದೇ ನಾಳದ ಕೋಶಕ್ಕೆ. ಇದರಲ್ಲಿ ಒಂದು ಅನುಕೂಲ ಇದೆ. ಕ್ಯಾನ್ಸರ್ ಕೋಶ ಬೇಗ ಬೇಗ ರೂಪ ಬದಲಿಸಿ ಔಷಧಕ್ಕೆ ಬಗ್ಗದ ಹಾಗಾಗುತ್ತದೆ, ಒಳಪದರದ ಕೋಶ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ನನಗೆ ಅತ್ಯಂತ ಆಸಕ್ತಿ ಇರುವ ದಾರಿ ಇದು, ಆದರೆ ಇದು ಇಲಿಯ ಮಾತು.

ಟಿಮೆಮ್ ತೆರೆಯದ ಹಾಗೆ ಮಾಡುವ ರೆಬಾಸ್ಟಿನಿಬ್ ಮಾತ್ರೆ ಇನ್ನೊಂದು. ಮ್ಯಾಕ್ರೋಫೇಜಿನ ಟೈ2 ಅನ್ನುವ ಗ್ರಾಹಕವನ್ನು ಇದು ಮುಚ್ಚುತ್ತದೆ. ಹರಡಿದ ಸ್ತನ ಕ್ಯಾನ್ಸರ್ ಇರುವವರಲ್ಲಿ ಕಿಮೋ ಜೊತೆ ಸೇರಿಸಿ ಆರಂಭದ ಹಂತದ ಟ್ರಯಲ್ ಮಾಡಿದ್ದಾರೆ.

ಇನ್ನು ಡಿಗಾಕ್ಸಿನ್. ಮನೆಯಲ್ಲಿ ಹೃದಯದ ಕಾಯಿಲೆಯವರು ಇದ್ದರೆ ಈ ಮಾತ್ರೆಯ ಹೆಸರು ಗೊತ್ತಿರಬಹುದು. ರಕ್ತದಲ್ಲಿ ಕ್ಯಾನ್ಸರ್ ಕೋಶಗಳು ಒಂಟಿಯಾಗಿ ಹೋಗುವುದಕ್ಕಿಂತ ಗುಂಪಾಗಿ ಹೋದರೆ ಗಡ್ಡೆಯಾಗುವ ಸಾಧ್ಯತೆ ಬಹಳ ಜಾಸ್ತಿ ಅಂತ 2014ರಲ್ಲಿ ಗೊತ್ತಾಯಿತು. ಡಿಗಾಕ್ಸಿನ್ ಆ ಗುಂಪನ್ನು ಒಡೆಯುತ್ತದೆ. ಸ್ವಿಟ್ಜರ್ಲೆಂಡಿನ ನಿಕೋಲಾ ಅಚೆಟೊ ತಂಡ 2025ರಲ್ಲಿ ಸ್ತನ ಕ್ಯಾನ್ಸರಿನ 9 ರೋಗಿಗಳಿಗೆ ಇದನ್ನು ಕೊಟ್ಟು, ಗುಂಪುಗಳ ಗಾತ್ರ ಸರಾಸರಿ 2.2 ಕೋಶದಷ್ಟು ಇಳಿದದ್ದನ್ನು ವರದಿ ಮಾಡಿತು. ಗುಂಪು ಸಣ್ಣದಾಯಿತು, ನಿಜ. ಅದರಿಂದ ಆಯಸ್ಸು ಹೆಚ್ಚುತ್ತದಾ ಅನ್ನುವುದನ್ನು ಆ ಟ್ರಯಲ್ ನೋಡಲಿಲ್ಲ. ಡಿಗಾಕ್ಸಿನ್ ಡೋಸ್ ಸ್ವಲ್ಪ ಜಾಸ್ತಿಯಾದರೂ ಹೃದಯದ ಬಡಿತವೇ ಕೆಡುತ್ತದೆ, ಮನೆಯಲ್ಲಿ ಅಜ್ಜನ ಡಬ್ಬಿಯಿಂದ ತೆಗೆದು ಕೊಡುವ ಮಾತ್ರೆ ಅಲ್ಲ.

ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಕೂಡ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾದಲ್ಲಿ 60 ಮಹಿಳೆಯರ ಟ್ರಯಲ್ ಆಯಿತು. ಸ್ತನದ ಆಪರೇಷನ್ನಿಗೆ ಮುಂಚೆ ಒಂದು ವಾರ ಕೆಲವರಿಗೆ ಈ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಪ್ರೊಪ್ರನೊಲಾಲ್ ತೆಗೆದುಕೊಂಡವರ ಗಡ್ಡೆಯಲ್ಲಿ ಹರಡುವ ಗುಣದ ಗುರುತುಗಳು ಕಡಿಮೆ ಇದ್ದವು. 2020ರಲ್ಲಿ ಇದು ಪ್ರಕಟವಾಯಿತು.

ಆಪರೇಷನ್ ಹೊತ್ತಿಗೆ ಕೊಡುವ ಇಂಜೆಕ್ಷನ್ ಬಗ್ಗೆ ಕೇಳಿದ್ದೆ. ಅದು ಯಾವುದು?

ಲಿಡೋಕೇನ್. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ. ಇದರ ದೊಡ್ಡ ಟ್ರಯಲ್ ಆದದ್ದು ನಮ್ಮ ದೇಶದಲ್ಲೇ, ಮುಂಬೈಯ ಟಾಟಾ ಮೆಮೋರಿಯಲ್ ಸೆಂಟರಿನ ಡಾ. ರಾಜೇಂದ್ರ ಬಡ್ವೆ ಅವರ ಮುಂದಾಳತ್ವದಲ್ಲಿ.

ಯೋಚನೆ ಹೀಗಿತ್ತು. ಸರ್ಜನ್ ಗಡ್ಡೆಯನ್ನು ಅಲ್ಲಾಡಿಸುವಾಗ, ಸುತ್ತ ಕತ್ತರಿಸುವಾಗ, ಅಲ್ಲಿನ ಕೋಶಗಳು ಕಳಚಿಕೊಂಡು ಪಕ್ಕದ ನಾಳಗಳಿಗೆ ಸೇರುವ ಸಾಧ್ಯತೆ ಇದೆ. ಅನೇಕ ಕ್ಯಾನ್ಸರ್ ಕೋಶಗಳ ಮೈಮೇಲೆ ಸೋಡಿಯಂ ಒಳಬಿಡುವ ಚಾನಲ್‌ಗಳಿರುತ್ತವೆ. ಕೋಶ ಚಲಿಸಲು, ನುಗ್ಗಲು ಅವು ನೆರವಾಗುತ್ತವೆ. ಲಿಡೋಕೇನ್ ನರದಲ್ಲಿ ಮುಚ್ಚುವುದು ಇದೇ ಬಗೆಯ ಚಾನಲ್‌ಗಳನ್ನು. ಹಾಗಾದರೆ ಕತ್ತರಿ ಇಡುವ ಮುಂಚೆ ಗಡ್ಡೆಯ ಸುತ್ತ ಲಿಡೋಕೇನ್ ಕೊಟ್ಟರೆ?

ಆಪರೇಷನ್ ಟೇಬಲ್ ಮೇಲೆ ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ, ಶೇ 0.5ರ ಲಿಡೋಕೇನನ್ನು ಗಡ್ಡೆಯ ಎಲ್ಲ ಬದಿಗೂ ಸೂಜಿಯಲ್ಲಿ ಹರಡಿದರು. 7ರಿಂದ 10 ನಿಮಿಷ ಕಾದರು. ಆಮೇಲೆ ಮಾಮೂಲಿ ಆಪರೇಷನ್. ಇನ್ನೊಂದು ಗುಂಪಿಗೆ ಈ ಇಂಜೆಕ್ಷನ್ ಇಲ್ಲದೆ ಅದೇ ಆಪರೇಷನ್. ದೇಶದ 11 ಆಸ್ಪತ್ರೆಗಳಲ್ಲಿ, ಆರಂಭದ ಹಂತದ ಸ್ತನ ಕ್ಯಾನ್ಸರಿನ ಸುಮಾರು 1,600 ಮಹಿಳೆಯರು ಇದರಲ್ಲಿದ್ದರು.

ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 5 ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಇಂಜೆಕ್ಷನ್ ಪಡೆದ ಗುಂಪಿನಲ್ಲಿ ಶೇ 86.6, ಪಡೆಯದವರಲ್ಲಿ ಶೇ 82.6. ಬದುಕಿದ್ದವರು ಶೇ 90.1 ಮತ್ತು ಶೇ 86.4. ನೂರರಲ್ಲಿ ನಾಲ್ಕು ಜನ ಅಂದರೆ ಸಣ್ಣದು ಅನ್ನಿಸಬಹುದು. ಎಷ್ಟೋ ಲಕ್ಷ ರೂಪಾಯಿಯ ಔಷಧಗಳು ಇಷ್ಟೂ ಕೊಡುವುದಿಲ್ಲ ಅನ್ನುವುದು ನೆನಪಿರಲಿ. ಲಿಡೋಕೇನ್ ಬಾಟಲಿ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ.

ತಕರಾರುಗಳೂ ಇವೆ. ಇನ್ನೊಂದು ಗುಂಪಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ಹೋಲಿಸಿರಲಿಲ್ಲ. ಮೊದಲೇ ಕಿಮೋ ಪಡೆದವರು ಇದರಲ್ಲಿ ಇರಲಿಲ್ಲ, ಅಂಥವರಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆಪರೇಷನ್ನಿಗೆ ಮುಂಚೆ "ಈ ಲಿಡೋಕೇನ್ ವಿಷಯ ನಮಗೆ ಹೊಂದುತ್ತದಾ ಡಾಕ್ಟ್ರೇ?" ಅಂತ ಸರ್ಜನ್ ಹತ್ತಿರ ಕೇಳುವುದರಲ್ಲಿ ಸಂಕೋಚ ಬೇಡ. ಇಷ್ಟೆಲ್ಲ ಔಷಧಗಳಲ್ಲಿ ರೋಗಿಯ ಆಯಸ್ಸಿನ ಲೆಕ್ಕದಲ್ಲೇ ವ್ಯತ್ಯಾಸ ತೋರಿಸಿದ್ದು ಇದು, ಅದೂ ಸರಿಯಾದ ಹತ್ತು ನಿಮಿಷದಲ್ಲಿ ಕೊಟ್ಟದ್ದಕ್ಕೆ.

ಆಸ್ಪಿರಿನ್ ತೆಗೆದುಕೊಂಡರೆ ಹರಡುವುದಿಲ್ಲವಂತೆ, ಹೌದಾ?

ಹೌದು ಅಂತಲೂ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಯಾವ ಕ್ಯಾನ್ಸರ್, ಯಾರಿಗೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಆಸ್ಪಿರಿನ್ ಪ್ಲೇಟ್‌ಲೆಟ್‌ಗಳನ್ನು ಮಂಕು ಮಾಡುತ್ತದೆ. ಪ್ಲೇಟ್‌ಲೆಟ್ ಕಡಿಮೆ ಮಾಡಿದ ಇಲಿಗಳಲ್ಲಿ ಕ್ಯಾನ್ಸರ್ ಹರಡುವುದು ಕಡಿಮೆ ಎಂದು 1968ರಲ್ಲೇ ಗೊತ್ತಾಗಿತ್ತು. ಹೃದಯಕ್ಕೆಂದು ಆಸ್ಪಿರಿನ್ ಕೊಟ್ಟ ಹಳೆಯ ಟ್ರಯಲ್‌ಗಳ ಲೆಕ್ಕವನ್ನು ಆಕ್ಸ್‌ಫರ್ಡಿನ ಪೀಟರ್ ರಾತ್‌ವೆಲ್ 2012ರಲ್ಲಿ ಮತ್ತೆ ತೆಗೆದು ನೋಡಿದಾಗ, ಆಸ್ಪಿರಿನ್ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಬಂದರೂ ಹರಡಿದ್ದು ಕಡಿಮೆ ಎಂದು ಕಂಡಿತು. 2025ರಲ್ಲಿ ಕೇಂಬ್ರಿಡ್ಜ್ ತಂಡ ಇಲಿಗಳಲ್ಲಿ ಇನ್ನೊಂದು ಕಾರಣ ತೋರಿಸಿತು. ಪ್ಲೇಟ್‌ಲೆಟ್ ಬಿಡುವ ಥ್ರಾಂಬಾಕ್ಸೇನ್ ಎ2 ನಮ್ಮ ಟಿ-ಕೋಶಗಳ (ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಬಿಳಿ ರಕ್ತಕಣಗಳ) ಕೈ ಕಟ್ಟುತ್ತದೆ. ಆಸ್ಪಿರಿನ್ ಆ ಕಟ್ಟು ಬಿಚ್ಚುತ್ತದೆ. ಅಂದರೆ ನಾಳ ದಾಟಿ ಬಂದ ಕೋಶವನ್ನು ಹಿಡಿಯಲು ಟಿ-ಕೋಶಗಳಿಗೆ ಬಲ ಬರುತ್ತದೆ.

ರೋಗಿಗಳಲ್ಲಿ? ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡಿನಲ್ಲಿ ನಡೆದ ಅಲಾಸ್ಕಾ ಎಂಬ ಟ್ರಯಲ್ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನವರದು. ಪಿಐಕೆ3ಸಿಎ ಜೀನಿನಲ್ಲಿ ಬದಲಾವಣೆ ಇದ್ದವರಿಗೆ ಆಪರೇಷನ್ ನಂತರ 3 ವರ್ಷ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಮರುಕಳಿಸಿದ್ದು ಶೇ 7.7 ಜನಕ್ಕೆ. ಆಸ್ಪಿರಿನ್ ಇಲ್ಲದವರಲ್ಲಿ ಶೇ 14.1. ಹೆಚ್ಚುಕಮ್ಮಿ ಅರ್ಧಕ್ಕರ್ಧ. 2025ರಲ್ಲಿ ಇದು ಪ್ರಕಟವಾಯಿತು. ಗಂಭೀರ ಅಡ್ಡಪರಿಣಾಮಗಳು ಆಸ್ಪಿರಿನ್ ಗುಂಪಿನಲ್ಲಿ ಜಾಸ್ತಿ ಇದ್ದವು ಅನ್ನುವುದನ್ನೂ ಸೇರಿಸಿ ಓದಬೇಕು.

ಇನ್ನೊಂದು ಮಗ್ಗುಲು ನೋಡಿ. ಸ್ತನ ಕ್ಯಾನ್ಸರಿನ 3,020 ಜನರಿಗೆ ಅಮೆರಿಕ ಮತ್ತು ಕೆನಡಾದಲ್ಲಿ ಮಾಡಿದ ಟ್ರಯಲ್‌ನಲ್ಲಿ 300 ಮಿಲಿಗ್ರಾಂ ಆಸ್ಪಿರಿನ್ ಏನೂ ಉಪಯೋಗಕ್ಕೆ ಬರಲಿಲ್ಲ. 2018ರಲ್ಲಿ ಬಂದ ಆಸ್ಪ್ರಿ ಟ್ರಯಲ್ ಅಂತೂ ಆರೋಗ್ಯವಾಗಿದ್ದ 19,114 ಹಿರಿಯರದು. ಅಲ್ಲಿ ಆಸ್ಪಿರಿನ್ ತೆಗೆದುಕೊಂಡವರಲ್ಲೇ ಕ್ಯಾನ್ಸರಿನಿಂದ ಸತ್ತವರು ಜಾಸ್ತಿ. ಬ್ರಿಟನ್, ಐರ್ಲೆಂಡ್ ಮತ್ತು ಭಾರತ ಸೇರಿ ಸುಮಾರು 11,000 ಜನರ ಗುರಿ ಇಟ್ಟು 2015ರಲ್ಲಿ ಆಡ್-ಆಸ್ಪಿರಿನ್ ಟ್ರಯಲ್ ಶುರು ಮಾಡಿದ್ದು ಈ ಗೊಂದಲ ಬಗೆಹರಿಸಲಿಕ್ಕೇ.

ಹಾಗಾಗಿ ವಾಟ್ಸಾಪ್ ನೋಡಿ ಆಸ್ಪಿರಿನ್ ಶುರು ಮಾಡಬೇಡಿ. ಹೊಟ್ಟೆಯಲ್ಲಿ, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಕಿಮೋದಿಂದ ಪ್ಲೇಟ್‌ಲೆಟ್ ಇಳಿದಿರುವಾಗ ಇನ್ನೂ ಅಪಾಯ. ಕರುಳಿನ ಕ್ಯಾನ್ಸರ್ ಆಪರೇಷನ್ ಆದವರು ಪಿಐಕೆ3ಸಿಎ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಬಹುದು, ಅದು ಅರ್ಥವಿರುವ ಪ್ರಶ್ನೆ.

ಬೆವಾಸಿಝುಮ್ಯಾಬ್ ರಕ್ತನಾಳದ ಔಷಧ ತಾನೇ? ಅದು ಹರಡುವುದನ್ನು ತಡೆಯುವುದಿಲ್ಲವಾ?

ವಿಇಜಿಎಫ್ ಅನ್ನು ಹಿಡಿದಿಡುವ ಔಷಧ ಅದು. ಅಮೆರಿಕದಲ್ಲಿ 2004ರಲ್ಲಿ, ಹರಡಿದ ಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ 2017ರಲ್ಲಿ ಇದರ ಬಯೋಸಿಮಿಲರನ್ನು (ಮೂಲ ಔಷಧಕ್ಕೆ ಸರಿಹೋಲುವ ಇನ್ನೊಂದು ತಯಾರಿಕೆಯನ್ನು) ಕ್ರಬೇವಾ ಹೆಸರಿನಲ್ಲಿ ಭಾರತದಲ್ಲಿ ಬಿಟ್ಟಿತು. ಹರಡಿದ ಗಡ್ಡೆಯ ಬೆಳವಣಿಗೆ ನಿಧಾನ ಮಾಡಲು ಇದು ಉಪಯೋಗಕ್ಕೆ ಬರುತ್ತದೆ. ಆದರೆ ಆಪರೇಷನ್ ಆದ ಮೇಲೆ ಹರಡದಿರಲಿ ಅಂತ ಕರುಳಿನ ಕ್ಯಾನ್ಸರಿನವರಿಗೆ ಕೊಟ್ಟ ಎರಡು ದೊಡ್ಡ ಟ್ರಯಲ್‌ಗಳೂ ಸೋತವು. ಒಂದೇ ಔಷಧ, ಕೊಟ್ಟ ಹೊತ್ತು ಬೇರೆ, ಫಲವೂ ಬೇರೆ. ಗಾಯ ಮಾಯುವುದನ್ನು ತಡ ಮಾಡುತ್ತದೆ ಅಂತ ದೊಡ್ಡ ಆಪರೇಷನ್ ಆಗಿ 28 ದಿನದೊಳಗೆ ಇದನ್ನು ಕೊಡುವುದೂ ಇಲ್ಲ.

ಹಿಂದೆ ಇಂಥ ಔಷಧ ಬಂದು ಹೋಗಿತ್ತಾ?

ಬಂದಿತ್ತು, ಭಾರಿ ಸದ್ದು ಮಾಡಿಕೊಂಡು. ಬೇಸ್‌ಮೆಂಟ್ ಮೆಂಬ್ರೇನ್ ಕರಗಿಸಲು ಕ್ಯಾನ್ಸರ್ ಕೋಶ ಎಂಎಂಪಿ ಅನ್ನುವ ಕಿಣ್ವಗಳನ್ನು ಬಳಸುತ್ತದೆ. ಅವನ್ನು ತಡೆಯುವ ಮಾರಿಮಾಸ್ಟಾಟ್ ಮಾತ್ರೆಯನ್ನು 1990ರ ದಶಕದಲ್ಲಿ ಬ್ರಿಟಿಷ್ ಬಯೋಟೆಕ್ ಕಂಪನಿ ತಯಾರಿಸಿತು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ರೋಗಿಗಳಲ್ಲಿ ಕೀಲುಗಳು, ಸ್ನಾಯುಗಳು ವಿಪರೀತ ನೋಯತೊಡಗಿದವು, ಕ್ಯಾನ್ಸರಿಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ಯಾಕೆ ಸೋತಿತು ಅನ್ನುವುದೇ ಪಾಠದ ಹಾಗಿದೆ. ಇಲಿಗಳಿಗೆ ಕ್ಯಾನ್ಸರ್ ಹರಡುವ ಮುಂಚೆ ಕೊಟ್ಟಿದ್ದರು. ರೋಗಿಗಳಿಗೆ ಕೊಟ್ಟದ್ದು ಬಹುಪಾಲು ಕಾಯಿಲೆ ಮುಂದುವರಿದ ಮೇಲೆ. ಎಂಎಂಪಿ ಕಿಣ್ವಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆ ಇವೆ. ಕೆಲವು ಕ್ಯಾನ್ಸರಿಗೆ ಎದುರಾಗಿಯೂ ಕೆಲಸ ಮಾಡುತ್ತವೆ. ಎಲ್ಲವನ್ನೂ ಒಟ್ಟಿಗೆ ಕಟ್ಟಿಹಾಕಿದರೆ ಆಗುವುದೇ ಹೀಗೆ.

ನಮ್ಮವರಿಗೆ ಈಗಾಗಲೇ 4ನೇ ಸ್ಟೇಜ್. ಇದರಿಂದ ಪ್ರಯೋಜನ ಇದೆಯಾ?

ನಾಳ ದಾಟುವುದನ್ನು ತಡೆಯುವ ಔಷಧ, ಆಗಲೇ ದಾಟಿ ಬೆಳೆದ ಗಡ್ಡೆಯನ್ನು ಕರಗಿಸುವುದಿಲ್ಲ. ಹೊಸ ಜಾಗಕ್ಕೆ ಹೋಗುವುದನ್ನು ಕಡಿಮೆ ಮಾಡಬಹುದು ಅನ್ನುವ ಆಸೆ ಇದೆ ಅಷ್ಟೆ. ಇಂಥ ಔಷಧವನ್ನು ಗಡ್ಡೆ ಎಷ್ಟು ಕುಗ್ಗಿತು ಅಂತ ಸ್ಕ್ಯಾನ್ ಮಾಡಿ ಅಳೆದರೆ ಅದು ಫೇಲ್ ಅಂತಲೇ ಬರುತ್ತದೆ. ಹಾಗಾಗಿ ಈಗ 'ಹರಡದೆ ಎಷ್ಟು ದಿನ ಇದ್ದರು' ಅನ್ನುವ ಅಳತೆಗೂ ಮಾನ್ಯತೆ ಇದೆ. ಪ್ರಾಸ್ಟೇಟ್ ಕ್ಯಾನ್ಸರಿನ ಅಪಲುಟಮೈಡ್ ಮಾತ್ರೆಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು ಇದೇ ಅಳತೆಯ ಮೇಲೆ, ಅದು ಕೆಲಸ ಮಾಡುವ ದಾರಿ ಬೇರೆಯದಾದರೂ. ನಿಮ್ಮವರಿಗೆ ಈಗ ಡಾಕ್ಟರು ಹೇಳಿರುವ ಚಿಕಿತ್ಸೆಯೇ ಮುಖ್ಯ.

ಬಯಾಪ್ಸಿ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತಲ್ಲ?

ಈ ಹೆದರಿಕೆಯಿಂದ ತಿಂಗಳುಗಟ್ಟಲೆ ತಡ ಮಾಡಿ ಬರುವವರಿದ್ದಾರೆ. ಸೂಜಿ ಹೋದ ದಾರಿಯಲ್ಲಿ ಕೋಶ ಉಳಿಯುವುದು ಬಹಳ ಅಪರೂಪ. ಅಂಥ ಸಾಧ್ಯತೆ ಇರುವ ಕಡೆ, ಉದಾಹರಣೆಗೆ ವೃಷಣದ ಗಡ್ಡೆಯಲ್ಲಿ, ಡಾಕ್ಟರುಗಳೇ ಸೂಜಿ ಹಾಕದೆ ಬೇರೆ ಕ್ರಮ ಹಿಡಿಯುತ್ತಾರೆ. ರಕ್ತಕ್ಕೆ ಒಂದೆರಡು ಕೋಶ ಸೇರಿದರೂ ಫಿಡ್ಲರ್ ಪ್ರಯೋಗದಲ್ಲಿ ಏನಾಯಿತು ಅಂತ ಮೇಲೆ ಓದಿದಿರಿ. ಬಯಾಪ್ಸಿ ಇಲ್ಲದೆ ಯಾವ ಕ್ಯಾನ್ಸರ್ ಅಂತಲೇ ಗೊತ್ತಾಗುವುದಿಲ್ಲ, ಯಾವ ಔಷಧ ಅಂತ ಗೊತ್ತಾಗುವುದು ಇನ್ನೆಲ್ಲಿಯ ಮಾತು.

ಕಿಮೋದಿಂದಲೇ ಹರಡುವುದು ಜಾಸ್ತಿಯಾಗುತ್ತದೆ ಅಂತ ಓದಿದೆ. ನಿಜವೇ?

2017ರಲ್ಲಿ ಟಿಮೆಮ್ ತಂಡದವರೇ ಹೇಳಿದ ವಿಷಯ ಅದು. ಇಲಿಗಳಲ್ಲಿ ಮತ್ತು ಕೆಲವೇ ರೋಗಿಗಳ ಗಡ್ಡೆಯಲ್ಲಿ, ಆಪರೇಷನ್ನಿಗೆ ಮುಂಚಿನ ಕಿಮೋ ನಂತರ ಟಿಮೆಮ್ ಜಾಗಗಳು ಹೆಚ್ಚಾಗಿದ್ದವು. ಸುದ್ದಿಯಲ್ಲಿ ಅದು 'ಕಿಮೋ ಕ್ಯಾನ್ಸರ್ ಹರಡುತ್ತದೆ' ಅಂತಾಯಿತು. ಆದರೆ ಸ್ತನ ಕ್ಯಾನ್ಸರಿನಲ್ಲಿ ಕಿಮೋ ಆಪರೇಷನ್ನಿಗೆ ಮುಂಚೆ ಕೊಟ್ಟರೂ ಆಮೇಲೆ ಕೊಟ್ಟರೂ ಬದುಕುಳಿದವರ ಪ್ರಮಾಣ ಒಂದೇ ಎಂದು ಬಿ-18 ಎಂಬ ದೊಡ್ಡ ಟ್ರಯಲ್ ತೋರಿಸಿದೆ. ಆ ತಂಡ ಕಿಮೋ ಬಿಡಿ ಅಂತ ಹೇಳಲಿಲ್ಲ, ಜೊತೆಗೆ ರೆಬಾಸ್ಟಿನಿಬ್ ಥರದ್ದು ಸೇರಿಸಿ ನೋಡೋಣ ಅಂದಿತು. ಅರ್ಧಕ್ಕೆ ಕಿಮೋ ನಿಲ್ಲಿಸುವುದು ಮಾತ್ರ ಖಂಡಿತ ಅಪಾಯ.

ಅರಿಶಿನ, ಕಷಾಯ ಕುಡಿದರೆ ತಡೆಯಬಹುದಾ?

ಅರಿಶಿನದ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ನುಗ್ಗುವುದನ್ನು ತಡೆದಿದೆ. ಬಾಯಿಯಿಂದ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಸಾರಿಗೆ ಹಾಕುವ ಅರಿಶಿನಕ್ಕೆ ಏನೂ ತೊಂದರೆ ಇಲ್ಲ. ಕ್ಯಾಪ್ಸೂಲ್, ಗಟ್ಟಿ ಕಷಾಯ ಬೇರೆ ಮಾತು. ಅರಿಶಿನದ ಕ್ಯಾಪ್ಸೂಲಿನಿಂದ ಲಿವರಿಗೆ ಏಟಾದ ಪ್ರಕರಣಗಳಿವೆ. ಕಿಮೋ ನಡೆಯುವಾಗ ಏನೇ ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಇಂಥ ಟ್ರಯಲ್‌ಗೆ ಸೇರಬೇಕು ಅಂದರೆ ಎಲ್ಲಿ ವಿಚಾರಿಸಬೇಕು?

ಮೊದಲು ನಿಮ್ಮ ಆಂಕಾಲಜಿಸ್ಟ್ ಹತ್ತಿರ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಕೇಳಿ ನೋಡಬಹುದು. ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ಇರಬೇಕು. ಅದು 2007ರಲ್ಲಿ ಶುರುವಾಯಿತು, ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಕಾಯಿಲೆಯ ಹೆಸರು ಹಾಕಿದರೆ ಯಾವ ಊರಿನ ಯಾವ ಆಸ್ಪತ್ರೆ ಅಂತ ಬರುತ್ತದೆ.

ಸಹಿ ಹಾಕುವ ಮುಂಚೆ ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೇಳಿ ಪಡೆಯಿರಿ, ಕನ್ನಡದಲ್ಲಿ ಬೇಕು ಅನ್ನುವುದು ನಿಮ್ಮ ಹಕ್ಕು. ಮನೆಗೆ ಒಯ್ದು ಓದಿ. ಔಷಧ ಸಿಗುವ ಗುಂಪಿಗೇ ಬೀಳುತ್ತೀರಿ ಅಂತ ಖಾತ್ರಿ ಇರುವುದಿಲ್ಲ. ಮಧ್ಯದಲ್ಲಿ ಬೇಡ ಅನ್ನಿಸಿದರೆ ಹೊರಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆಯ ಖರ್ಚು ನಡೆಸುವವರದ್ದು ಎಂದು 2019ರ ನಿಯಮಗಳು ಹೇಳುತ್ತವೆ. ಟ್ರಯಲ್ ಔಷಧಕ್ಕೆ ನಿಮ್ಮಿಂದಲೇ ಯಾರಾದರೂ ದೊಡ್ಡ ಮೊತ್ತ ಕೇಳಿದರೆ, ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು ಅಂತ ಕೇಳಿ.